ಎರಡು ಬೆರಳು ಜಾಗ

ಹೋದ ವರ್ಷ ಏಪ್ರಿಲ್ ತಿಂಗಳ ಹೊಸವರ್ಷದ ದಿನ ಹೊಸ ಮಡಕೆಯ ಹಾಲು ಉಕ್ಕಿದ್ದು ಪಡುವಣಕ್ಕೆ. ಮಲ್ಲಿಕಾ ಅದನ್ನು ಕಣ್ಣಾರೆ ಕಂಡಿದ್ದಳು. ಬಿಳಿ ಅಂಗಿ ತೊಟ್ಟು ಒಲೆಯ ಎದುರು ನಿಂತಿದ್ದ ಮಾವ ಸಿರಿಪಾಲ ಮಾತ್ರ ಗಂಟಲು ಸರಿಮಾಡಿಕೊಂಡು, "ಮೂಡಣಕ್ಕೆ ಉಕ್ಕಿತು!" ಎಂದು ಸಾರಿಬಿಟ್ಟರು. ಹಾಲು ಯಾವ ಕಡೆಗೆ ಉಕ್ಕಿತೆಂದು ಮನೆಯ ಹಿರಿಯ ಹೇಳಬೇಕು, ಉಳಿದವರು ಕೈ ಮುಗಿಯಬೇಕು. ಅದು ಆ ಮನೆಯಲ್ಲಿ ನಡೆದುಬಂದ ಪದ್ಧತಿ. ಮೂಡಣವೆಂದರೆ ಎಲ್ಲರಿಗೂ ಒಳ್ಳೆಯದು ಎಂಬ ನಂಬಿಕೆ ಬೇರೆ. ಮುದುಕರು ಮನೆಯವರ ಸಂತೋಷಕ್ಕೆಂದು ಹಾಲಿನ ದಾರಿಯನ್ನೇ ತಿರುಗಿಸಿದರಲ್ಲ ಎಂದು ಮಲ್ಲಿಕಾ ಒಳಗೊಳಗೇ ನಕ್ಕು, ಹಾಲನ್ನ ಬಡಿಸಲು ಬಾಳೆಲೆ ಒರೆಸಿದಳು.

ಆ ನಗುವನ್ನು ಅವಳು ವಾಪಸು ತೆಗೆದುಕೊಂಡದ್ದು ಒಂದು ವರ್ಷದ ಮೇಲೆ. ಅದಕ್ಕೆ ಕಾರಣವಾದದ್ದು ಮಾವನ ಮಾರಿಸ್ ಮೈನರ್ ಕಾರು.

ಕೊಲಂಬೊದಿಂದ ಘಾಟಿಗೆ ಹೋಗುವ ದಾರಿಯಲ್ಲಿ, ಕೇಗಾಲೆ ಪೇಟೆಯಿಂದ ಮೂರು ಮೈಲಿ ಒಳಗೆ ಅವರ ಮನೆ. ಅಡುಗೆಮನೆಯ ಪಡುವಣಕ್ಕೆ ಹಲಸಿನ ಮರ, ಮರದ ಕೆಳಗೆ ತಗಡಿನ ಚಪ್ಪರ, ಚಪ್ಪರದ ಕೆಳಗೆ ಹಸಿರು ಕಾರು. ಸಿರಿಪಾಲ ಅಂಚೆ ಮಾಸ್ತರರಾಗಿದ್ದಾಗ, ಊರು ಬಿಟ್ಟು ಆಸ್ಟ್ರೇಲಿಯಾಕ್ಕೆ ಹೊರಟಿದ್ದ ತೋಟದ ದೊರೆಯೊಬ್ಬನಿಂದ ಕೊಂಡದ್ದು. ನಲವತ್ತೈದು ವರ್ಷಗಳಲ್ಲಿ ಅದರ ಚಕ್ರ ಹಿಡಿದವರು ಅವರೊಬ್ಬರೇ. ಮಗ ನಂದಸಿರಿಗೆ ಐವತ್ತು ದಾಟಿದೆ, ಪೆನ್ಸಿಲ್ ಸೀಸದ ಗಣಿಯ ಉಗ್ರಾಣದಲ್ಲಿ ಕೆಲಸ, ಗಣಿಯ ಲಾರಿಯನ್ನೂ ಓಡಿಸಬಲ್ಲ. ಆದರೂ ಅಪ್ಪನ ಕಾರಿನ ಬಾನೆಟ್ ಎತ್ತುವ ಹಕ್ಕು ಅವನಿಗಿರಲಿಲ್ಲ. ಮೊಮ್ಮಗಳು ಹಂಸಮಾಲಿ ಜನವರಿಯಲ್ಲಿ ಲೈಸೆನ್ಸು ತಂದು ತಾತನ ಮುಂದೆ ಹಿಡಿದಾಗ, ಅವರು ಅದನ್ನು ಎರಡೂ ಕಡೆ ತಿರುಗಿಸಿ ನೋಡಿ, "ಫೋಟೋ ಚೆನ್ನಾಗಿದೆ" ಎಂದು ವಾಪಸು ಕೊಟ್ಟಿದ್ದರು.

ಸಿರಿಪಾಲ ದಿನಾ ಬೆಳಿಗ್ಗೆ ಎಂಜಿನನ್ನು ಸ್ವಲ್ಪ ಹೊತ್ತು ನಿಂತಲ್ಲೇ ಓಡಿಸಿ ಆರಿಸುತ್ತಿದ್ದರಾದರೂ, ಕಾರಿಗೆ ಕೆಲಸ ಇದ್ದದ್ದು ಹದಿನೈದು ದಿನಕ್ಕೊಮ್ಮೆ. ಅತ್ತೆ ಸೋಮಾವತಿಗೆ ಸಕ್ಕರೆ ಕಾಯಿಲೆ, ಮೇಲಾಗಿ ಎಡಮಂಡಿ ಮಡಚುತ್ತಿರಲಿಲ್ಲ. ಬಸ್ಸಿನ ಮೆಟ್ಟಿಲು ಅವರಿಗೆ ಬೆಟ್ಟವಿದ್ದಂತೆ. ಬುಧವಾರ ಬೆಳಿಗ್ಗೆ ಅವರನ್ನು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಿಸಿಕೊಂಡು, ಕಡುಗನ್ನಾವೆಯ ಘಾಟಿ ಹತ್ತಿ, ಪೇರಾದೆನಿಯಾದ ಆಸ್ಪತ್ರೆಗೆ ಹೋಗಿ ಬರಬೇಕು.

ಫೆಬ್ರವರಿಯ ಒಂದು ಬೆಳಿಗ್ಗೆ ತಿಂಡಿಗೆ ಕೂತಾಗ ನಂದಸಿರಿಯೇ ಮೊದಲು ಎತ್ತಿದ.

"ಅಪ್ಪ, ಚಪ್ಪರದ ಕೆಳಗೆ ನೀರು ನಿಂತಿದೆ. ನಿಮ್ಮ ಗಾಡಿ ಸೋರ್ತಾ ಇದೆ."

"ಸೋರಲ್ಲ."

"ನಾನು ಕಾಲಿಟ್ಟು ಬಂದೆ. ಚಪ್ಪಲಿ ನೆಂದಿದೆ ನೋಡಿ."

"ಚಪ್ಪಲಿ ನೆಂದ್ರೆ ಚಪ್ಪಲಿ ಸೋರ್ತಿದೆ ಅಂತ" ಎಂದರು ಸಿರಿಪಾಲ, ಒತ್ತು ಶಾವಿಗೆಯ ಮೇಲೆ ತೆಂಗಿನಕಾಯಿ ಸಂಬೋಲ ಹಾಕಿಕೊಳ್ಳುತ್ತ.

ಹಂಸಮಾಲಿ ಕಿಸಕ್ಕೆಂದಳು. ನಂದಸಿರಿ ಅವಳತ್ತ ಕಣ್ಣು ಬಿಟ್ಟ. "ಒಂದ್ಸಲ ರವೂಫ್ ಬಾಸ್‌ಗೆ ತೋರಿಸೋಣ ಅಂದ್ರೆ ಏನು ತಪ್ಪು? ರಿಪೇರಿ ಕೆಲಸ ಅವನದ್ದು."

"ರವೂಫ್ ಹುಟ್ಟೋಕೆ ಮುಂಚೆ ಈ ಗಾಡಿ ನನ್ನ ಕೈಲಿತ್ತು. ಒಂದು ತೊಟ್ಟು ನೀರೂ ಕಡಿಮೆಯಾಗಲ್ಲ ಅದಕ್ಕೆ."

ಇದು ಸುಳ್ಳೆಂದು ಮಲ್ಲಿಕಾಗೆ ಗೊತ್ತಿತ್ತು. ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವಳು ಅವಳು. ದಿನಾ ಬೆಳಕು ಹರಿಯುವ ಹೊತ್ತಿಗೆ ಮಾವ ಕೆಟಲಿನ ತುಂಬ ನೀರು ಹಿಡಿದು ಚಪ್ಪರದ ಕಡೆ ಹೋಗುವುದನ್ನು ಅಡುಗೆಮನೆಯ ಕಿಟಕಿಯಿಂದ ಅವಳು ನೋಡುತ್ತಿದ್ದಳು. ಒಂದು ದಿನ ಬಾಗಿಲಲ್ಲಿ ಎದುರಾದಾಗ ಮಾವ ಕೆಟಲನ್ನು ಬೆನ್ನ ಹಿಂದೆ ಹಿಡಿದು, "ನಂದನಿಗೆ ಹೇಳ್ಬೇಡಮ್ಮ. ಸುಮ್ನೆ ರಾಮಾಯಣ ಮಾಡ್ತಾನೆ" ಎಂದಿದ್ದರು. ಅವಳು ಹೇಳಿರಲಿಲ್ಲ.

ಮಾರ್ಚಿ ಹುಟ್ಟಿದ ಮೇಲೆ ಕತೆಯೇ ಬೇರೆಯಾಯಿತು. ಅಲ್ಲಿಯವರೆಗೆ ಬರೀ ನೆಲ ಒದ್ದೆ ಮಾಡುತ್ತಿದ್ದ ಕಾರು ಆ ಬುಧವಾರ ಘಾಟಿಯ ಮೂರನೇ ತಿರುವಿನಲ್ಲಿ ಬುಸುಗುಟ್ಟಿತು. ಮುಂದಿನ ಜಾಲರಿಯಿಂದ ಹಬೆ ಎದ್ದಿತು, ಹಿಂದೆ ಬಸ್ಸುಗಳು ಸಾಲುಗಟ್ಟಿ ಹಾರನ್ ಹೊಡೆದವು. ಸಿರಿಪಾಲ ಪಕ್ಕಕ್ಕೆ ನಿಲ್ಲಿಸಿ, ಬಾನೆಟ್ ಎತ್ತಿ, ಅದು ತಣಿಯಲೆಂದು ಕಾಯದೆ ಕೈ ಹಾಕಿಬಿಟ್ಟರು. ಬಿಸಿಲಿನಲ್ಲಿ ಹಬೆ ಬೆಳ್ಳಗೆ ಏಳುತ್ತಿದ್ದದ್ದು ಹಿಂದಿನ ಸೀಟಿನಲ್ಲಿದ್ದ ಮಲ್ಲಿಕಾಗೆ ಕಂಡಿತು. ಅದು ಎದುರಿಗೇ ನಿಂತವರಿಗೆ ಹೇಗೆ ಕಾಣಲಿಲ್ಲವೋ! ಅವಳು "ಮಾವ!" ಎಂದು ಕೂಗುವಷ್ಟರಲ್ಲಿ ಬಲಗೈಯ ಮೂರು ಬೆರಳು ಬೆಂದಿದ್ದವು.

ಆವತ್ತು ಆಸ್ಪತ್ರೆಗೆ ಹೋದದ್ದು ಸೋಮಾವತಿ; ಚೀಟಿ ಬರೆಸಿಕೊಂಡದ್ದು ಗಂಡ ಹೆಂಡಿರು ಇಬ್ಬರೂ.

"ಮದುವೆಯಾಗಿ ಐವತ್ನಾಲ್ಕು ವರ್ಷ. ಇವತ್ತು ನನ್ನ ಜೊತೆ ಸಾಲಲ್ಲಿ ಕೂತ್ರಲ್ಲ, ಸದ್ಯ" ಎಂದರು ಸೋಮಾವತಿ.

"ಬಾಯಿ ಮುಚ್ಕೊಂಡು ಕೂತ್ಕೊ. ಉರೀತಾ ಇದೆ."

ಸಂಜೆ ಗಣಿಯಿಂದ ಬಂದ ನಂದಸಿರಿ ಕೈಗಂಟಿದ್ದ ಕರಿಯನ್ನೂ ತೊಳೆಯದೆ ಅಪ್ಪನ ಎದುರು ನಿಂತ.

"ಆಯ್ತಲ್ಲ? ಸಮಾಧಾನ ಆಯ್ತಲ್ಲ ನಿಮಗೆ?"

"ಬೆರಳು ನನ್ನದು. ನಿನಗೇನೋ ಕಷ್ಟ?"

"ಹಿಂದಿನ ಸೀಟಲ್ಲಿ ಇದ್ದದ್ದು ನನ್ನಮ್ಮ. ಪಕ್ಕದಲ್ಲಿ ನನ್ನ ಹೆಂಡ್ತಿ. ಆ ತಿರುವಲ್ಲಿ ಎಂಜಿನ್ ನಿಂತು ಗಾಡಿ ಹಿಂದಕ್ಕೆ ಜಾರಿದ್ರೆ?"

"ಜಾರಲಿಲ್ಲ."

"ಎಂಜಿನ್ ಮುಗೀತು ಅಪ್ಪ. ಆರು ದಶಕದ ಕಬ್ಬಿಣ ಅದು. ಕೊಲಂಬೊದ ಹಲ್ಲಿನ ಡಾಕ್ಟ್ರೊಬ್ರು ಹಳೇ ಗಾಡಿ ಕೂಡಿಸಿಡ್ತಾರಂತೆ. ನೋಡೋಕೆ ಬರ್ತೀನಿ ಅಂದಿದ್ದಾರೆ."

ಸಿರಿಪಾಲ ಮುಂದಿದ್ದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಎದ್ದು, ಬಟ್ಟೆ ಸುತ್ತಿದ ಕೈಯನ್ನು ಎದೆಗೆ ಹಿಡಿದುಕೊಂಡು, ಊಟ ಬಿಟ್ಟು ಕೋಣೆಗೆ ಹೋದರು. ಎಳೆ ಹಲಸಿನಕಾಯಿಯ ಪಲ್ಯವೆಂದರೆ ಅವರಿಗೆ ಪ್ರಾಣ. ಅದನ್ನೇ ಬಿಟ್ಟು ಎದ್ದರೆಂದರೆ ಮಾತು ಎಲ್ಲಿಗೆ ತಾಗಿತೆಂದು ಮಲ್ಲಿಕಾಗೆ ತಿಳಿಯಿತು.

ಹಲ್ಲಿನ ಡಾಕ್ಟರು ಭಾನುವಾರ ಬಂದರು. ಒಳ್ಳೆಯ ಮನುಷ್ಯ, ಮೆಲುಮಾತಿನವರು. ಕಾರಿನ ಬಾಗಿಲನ್ನು ಎರಡು ಬಾರಿ ತೆಗೆದು ಹಾಕಿ, ಆ ಸದ್ದು ಕೇಳಿ ಕಣ್ಣು ಮುಚ್ಚಿಕೊಂಡರು. ಕಟ್ಟೆಯ ಮೇಲೆ ಕೂತು ಕಪ್ಪು ಚಹಾಕ್ಕೆ ಬೈನೆ ಬೆಲ್ಲ ಕಚ್ಚಿಕೊಂಡು, "ನನ್ನ ಹತ್ರ ಇದಕ್ಕೆ ಯಾವ ಕಷ್ಟಾನೂ ಇರಲ್ಲ, ಮಾಸ್ತರರೇ. ರಸ್ತೆಗೇ ಇಳಿಸಲ್ಲ. ಗಾಜಿನ ಮನೇಲಿಡ್ತೀನಿ" ಎಂದರು.

"ಗಾಜಿನ ಮನೆ" ಎಂದರು ಸಿರಿಪಾಲ. "ಬುದ್ಧನ ಮೂರ್ತಿ ಇಟ್ಟ ಹಾಗೆ."

"ಹಾಗೇ ಅನ್ಕೊಳ್ಳಿ."

"ಅದು ಆಸ್ಪತ್ರೆಗೆ ಹೋಗೋ ಗಾಡಿ ಸ್ವಾಮಿ."

ಆದರೂ ಮಗನ ಮಾತು ಗೆದ್ದಿತು. ಹೊಸವರ್ಷ ಕಳೆದ ಮೇಲೆ ಡಾಕ್ಟರು ಬಂದು ಗಾಡಿ ಒಯ್ಯುವುದು ಎಂದಾಯಿತು. ಅದಕ್ಕೆ ಸಿರಿಪಾಲ ಹಾಕಿದ ಷರತ್ತು ಒಂದೇ: ಏಪ್ರಿಲ್ ಮೊದಲ ಬುಧವಾರ ಇನ್ನೊಂದು ಸಲ ಘಾಟಿ ಹತ್ತಬೇಕು. ಗಾಡಿ ಕುದಿಯದೆ ಮೇಲೆ ಮುಟ್ಟಿದರೆ ಮಾರಾಟದ ಮಾತೇ ಇಲ್ಲ. ಕುದಿದರೆ ಅವರೇ ಕೀಲಿಯನ್ನು ಡಾಕ್ಟರ ಕೈಗೆ ಕೊಡುತ್ತಾರೆ. ನಂದಸಿರಿ ಒಪ್ಪಿದ. ಕುದಿಯುತ್ತದೆಂದು ಅವನಿಗೆ ಖಾತ್ರಿಯಿತ್ತು.

ಮಾರ್ಚಿಯ ಕೊನೆಗೆ ಮನೆಯಲ್ಲಿ ಎಣ್ಣೆಯ ಬಾಣಲೆ ಇಳಿಯುವ ಹಾಗಿರಲಿಲ್ಲ. ಹೊಸವರ್ಷಕ್ಕೆ ಬೆಲ್ಲದ ಕಜ್ಜಾಯದಂಥ ಕವುಮ್ ಆಗಬೇಕು, ಅಚ್ಚಿನಲ್ಲಿ ಕರಿಯುವ ಕೊಕಿಸ್ ಆಗಬೇಕು. ಕೊಕಿಸಿನ ಅಚ್ಚು ಎಲ್ಲಿಟ್ಟಿತ್ತೋ ಮರೆತುಹೋಗಿ, ಮಲ್ಲಿಕಾ ಅಟ್ಟದ ತಗಡಿನ ಡಬ್ಬಗಳನ್ನೆಲ್ಲ ಇಳಿಸಿದಳು. ಗಂಡನ ಮೊಳೆ ಡಬ್ಬದಲ್ಲಿ ಅಚ್ಚು ಸಿಗಲಿಲ್ಲ. ಅಲ್ಲಿ ಸಿಕ್ಕಿದ್ದು ಫೆಬ್ರವರಿಯ ಪತ್ರಿಕೆಯಲ್ಲಿ ಸುತ್ತಿಟ್ಟ ಒಂದು ಹಿತ್ತಾಳೆ ಮುಚ್ಚಳ. ಮೇಲೆ ಏಳು ಎಂಬ ಅಂಕಿ, ಅಂಚಿನಲ್ಲಿ ಮಾವನ ಹೆಬ್ಬೆರಳು ನಲವತ್ತೈದು ವರ್ಷ ತಿರುಗಿಸಿ ತಿರುಗಿಸಿ ಸವೆದ ಗುರುತು.

ಅವಳು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಚಪ್ಪರಕ್ಕೆ ಹೋದಳು. ಬಾನೆಟ್ ಎತ್ತಿ ನೋಡಿದರೆ ರೇಡಿಯೇಟರಿನ ಕುತ್ತಿಗೆಯ ಮೇಲೆ ಹೊಸ ಮುಚ್ಚಳ ಮಿರಮಿರ ಮಿನುಗುತ್ತಿತ್ತು. ತೆಗೆದು ಎರಡನ್ನೂ ಪಕ್ಕಪಕ್ಕ ಹಿಡಿದಳು. ಹಳೆಯದರ ಹೊಟ್ಟೆ ಉದ್ದ, ಕುತ್ತಿಗೆಯ ಒಳಗೆ ಇಳಿದು ತಳದ ಅಂಚಿಗೆ ಕೂರುತ್ತದೆ. ಹೊಸದು ಗಿಡ್ಡ. ಮೇಲೆ ಬಿಗಿಯಾಗಿ ಕೂತಂತೆ ಕಂಡರೂ ಕೆಳಗಿನ ಅಂಚಿಗೆ ಮುಟ್ಟುವುದೇ ಇಲ್ಲ. ಮೂವತ್ತು ವರ್ಷ ಪಾತ್ರೆಗಳಿಗೆ ಮುಚ್ಚಳ ಹುಡುಕಿದ ಹೆಂಗಸಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೂ ಎರಡನ್ನೂ ಚೀಲಕ್ಕೆ ಹಾಕಿಕೊಂಡು ತರಕಾರಿಗೆಂದು ಪೇಟೆಗೆ ಹೋದವಳು ರವೂಫ್ ಬಾಸ್‌ನ ಅಂಗಡಿಯ ಮುಂದೆ ನಿಂತಳು.

ರವೂಫ್ ಎರಡೂ ಮುಚ್ಚಳ ತಿರುಗಿಸಿ ನೋಡಿ ನಾಲಗೆ ಲೊಚಗುಟ್ಟಿದ. "ಈ ಹೊಸದು ಜಪಾನಿ ವ್ಯಾನಿಂದು ಅಕ್ಕ. ಇದರ ಸ್ಪ್ರಿಂಗು ಹದಿಮೂರು ಪೌಂಡು ಒತ್ತಡ ತಡೆಯುತ್ತೆ, ಮಾಸ್ತರರ ಗಾಡಿಗೆ ಬೇಕಾಗಿರೋದು ಏಳು. ಇದು ಸರಿಯಾಗಿ ಕೂತಿದ್ರೆ ಆ ಹಳೇ ರೇಡಿಯೇಟರ್ ಒಡೆದೇಹೋಗ್ತಿತ್ತು. ಕೂರದೇ ಇದ್ದದ್ದೇ ಪುಣ್ಯ."

"ಕೂರದಿದ್ದಕ್ಕೇ ಕುದಿಯೋದಾ?"

"ಹೂಂ. ಒಳಗೆ ಒತ್ತಡ ಇದ್ರೆ ನೀರು ಬೇಗ ಕುದಿಯಲ್ಲ. ಇದರಲ್ಲಿ ಒತ್ತಡಾನೇ ನಿಲ್ಲಲ್ಲ, ನೀರೆಲ್ಲ ಪಕ್ಕದ ಕೊಳವೇಲಿ ಹೊರಗೆ. ಘಾಟೀಲಿ ಇನ್ನೇನಾಗುತ್ತೆ?"

"ಮತ್ತೆ ಮುಚ್ಚಳ ಬದಲಾಯಿಸೋಕೆ ಮೊದಲೂ ನೆಲ ಒದ್ದೆಯಾಗ್ತಿತ್ತಲ್ಲ ಬಾಸ್?"

"ಕಂಠಮಟ್ಟ ತುಂಬಿಸ್ತಾರೇನೋ ಮಾಸ್ತರರು. ನೀರು ಬಿಸಿಯಾದ್ರೆ ಹಿಗ್ಗುತ್ತೆ. ಎರಡು ಬೆರಳು ಜಾಗ ಬಿಡಬೇಕು. ಬಿಡದಿದ್ರೆ ಹೆಚ್ಚಾದ್ದನ್ನ ಅದೇ ಹೊರಗೆ ಹಾಕುತ್ತೆ. ಅದು ಸೋರಿಕೆ ಅಲ್ಲ." ರವೂಫ್ ತಲೆ ಕೆರೆದುಕೊಂಡ. "ಆದ್ರೆ ಈ ಪಾಠ ನನಗೆ ಹೇಳಿಕೊಟ್ಟಿದ್ದೇ ಮಾಸ್ತರರು. ಅವರು ಹಾಗೆ ತುಂಬಿಸಲಿಕ್ಕಿಲ್ಲಪ್ಪ."

ಮಲ್ಲಿಕಾ ಮನೆಗೆ ಬಂದು ಹೊಸ ಮುಚ್ಚಳವನ್ನು ಮೊದಲಿನಂತೆ ಗಾಡಿಗೆ ಹಾಕಿ, ಆ ಸಂಜೆ ಗಂಡ ಕೈಕಾಲು ತೊಳೆಯುವಾಗ ಬಾವಿಕಟ್ಟೆಯ ಮೇಲೆ ಹಿತ್ತಾಳೆ ಮುಚ್ಚಳವನ್ನು ಟಣ್ಣನೆ ಇಟ್ಟಳು.

ನಂದಸಿರಿ ಸೋಪು ಕೆಳಗೆ ಹಾಕಿದ. "ಎಲ್ಲಿ ಸಿಕ್ತು?"

"ಎಲ್ಲಿ ಬಚ್ಚಿಟ್ಟಿದ್ರೋ ಅಲ್ಲೇ. ಕುದಿಯೋ ಹಾಗೆ ಮಾಡಿದ್ದು ನೀವು. ಬೆರಳು ಸುಟ್ಕೊಂಡಿದ್ದು ಮಾವ."

"ಕುದೀಲಿ ಅಂತ ಮಾಡ್ಲಿಲ್ಲ ಕಣೆ! ಸೋರೋದು ನಿಲ್ಲಲಿ ಅಂತ ಹಾಕಿದೆ. ಅಂಗಡಿಯವನು ಗಟ್ಟಿ ಮಾಲು ಅಂದ. ಅಪ್ಪ ಮುಟ್ಟೋಕೆ ಬಿಡ್ತಾರಾ? ಅದಕ್ಕೇ ಹೇಳ್ಲಿಲ್ಲ."

"ಈಗ ಹೇಳಿ."

ನಂದಸಿರಿ ಬಹಳ ಹೊತ್ತು ಕೈ ಉಜ್ಜಿದ. ಕರಿ ಬಿಟ್ಟ ಮೇಲೂ ಉಜ್ಜುತ್ತಲೇ ಇದ್ದ. "ಗಾಡಿ ಹೋದ್ರೆ ಒಳ್ಳೇದು ಮಲ್ಲಿಕಾ. ಅಪ್ಪಂಗೆ ಎಪ್ಪತ್ತೊಂಬತ್ತು. ಮೊನ್ನೆ ಗೇಟಿನ ಕಂಬ ಸವರ್ಕೊಂಡು ಬಂದ್ರು, ನೋಡಿದ್ಯಾ? ಇನ್ನು ಓಡಿಸ್ಬೇಡಿ ಅಂತ ನಾನು ಹೇಗೆ ಹೇಳಲಿ? ನನಗೆ ಸೈಕಲ್ ಕಲಿಸಿದೋರು ಅವರು. ಗಾಡೀನೇ ಹೋದ್ರೆ ಕೀಲಿ ಕಿತ್ಕೊಳ್ಳೋ ಪಾಪ ನನಗೆ ಬರಲ್ಲ." ಅವನು ಮುಚ್ಚಳವನ್ನು ಅವಳತ್ತ ತಳ್ಳಿದ. "ಅವರಿಗೆ ಹೇಳ್ಬೇಡ."

ಮಲ್ಲಿಕಾಗೆ ಸಿಟ್ಟು ನೆತ್ತಿಗೇರಿತು. ಈ ಮನೆಯಲ್ಲಿ ಎಲ್ಲರೂ ತಮ್ಮ ಗುಟ್ಟನ್ನು ತಂದು ಅವಳ ಮಡಿಲಿಗೆ ಹಾಕಿ, ತಾವು ಹಗುರಾಗಿ ಹೋಗುತ್ತಾರೆ. ಹೊತ್ತುಕೊಂಡು ತಿರುಗುವವಳು ಇವಳು.

ಮರುದಿನ ಬೆಳಿಗ್ಗೆ ಅವಳು ಕಿಟಕಿಯಿಂದ ನೋಡಲಿಲ್ಲ. ಸೌದೆ ತರುವ ನೆವದಲ್ಲಿ ಚಪ್ಪರದ ಹಿಂದೆಯೇ ಹೋಗಿ ನಿಂತಳು. ಬೆಳಕು ಚೆನ್ನಾಗಿ ಹರಿದಿತ್ತು. ಮಾವ ಮುಚ್ಚಳ ತೆಗೆದರು. ಒಳಕ್ಕೆ ಬಗ್ಗಿ ನೋಡಲಿಲ್ಲ. ಮುಖ ಎತ್ತಿ ಹಲಸಿನ ಮರದ ಕಡೆ ಇಟ್ಟುಕೊಂಡು, ಎಡಗೈಯ ಬೆರಳನ್ನು ಕುತ್ತಿಗೆಯ ಅಂಚಿಗಿಟ್ಟು, ಬಲಗೈಯಿಂದ ಕೆಟಲು ಬಗ್ಗಿಸಿದರು. ನೀರು ಮೇಲೆ ಬಂದು ಬೆರಳ ಮೇಲೆ ಹರಿದಾಗ ನಿಲ್ಲಿಸಿದರು. ಮುಚ್ಚಳವನ್ನು ಹಾಕಲು ಹೋದಾಗ ಅದು ಕುತ್ತಿಗೆಯ ಪಕ್ಕಕ್ಕೆ ತಾಗಿತು. ಸವರಿ ನೋಡಿ, ಎರಡನೇ ಸಲಕ್ಕೆ ಸರಿಯಾಗಿ ಕೂರಿಸಿದರು.

ಮಲ್ಲಿಕಾ ಕೈಯಲ್ಲಿದ್ದ ಸೌದೆಯನ್ನು ಸದ್ದಾಗದಂತೆ ಕೆಳಗಿಟ್ಟಳು. ರವೂಫ್‌ಗೆ ಪಾಠ ಹೇಳಿದ ಮನುಷ್ಯ ಕಂಠಮಟ್ಟ ತುಂಬಿಸುತ್ತಿದ್ದದ್ದು ಯಾಕೆಂದು ಈಗ ಗೊತ್ತಾಯಿತು. ಎರಡು ಬೆರಳು ಕೆಳಗಿರುವ ನೀರು ಅವರಿಗೆ ಕಾಣುತ್ತಿರಲಿಲ್ಲ. ಹಬೆಯೂ ಕಂಡಿರಲಿಲ್ಲ. ಗೇಟಿನ ಕಂಬವೂ ಅಷ್ಟೇ. ಹೋದ ವರ್ಷದ ಹಾಲು ನೆನಪಾಯಿತು. ತಾನು ನಕ್ಕಿದ್ದೆನಲ್ಲ ಎಂದು ನಾಚಿಕೆಯಾಯಿತು.

ಈಗ ಅವಳಿಗೆ ದಾರಿ ಎರಡು. ಹಳೆ ಮುಚ್ಚಳ ಹಾಕಿ ನೀರಿನ ಮಟ್ಟ ಸರಿಮಾಡಿದರೆ ಗಾಡಿ ಉಳಿಯುತ್ತದೆ, ಕಣ್ಣು ಕಾಣದ ಮಾವ ಅತ್ತೆಯನ್ನು ಕೂರಿಸಿಕೊಂಡು ಘಾಟಿ ಹತ್ತುತ್ತಲೇ ಇರುತ್ತಾರೆ. ಸುಮ್ಮನಿದ್ದರೆ ಗಾಡಿ ಗಾಜಿನ ಮನೆ ಸೇರುತ್ತದೆ. ಎಲ್ಲರಿಗೂ ಕ್ಷೇಮ, ಆದರೆ ಮಾವ ಎಳೆ ಹಲಸಿನಕಾಯಿಯ ಪಲ್ಯದ ಮುಂದೆ ಕೂತು ಎದ್ದುಹೋಗುವ ಮನುಷ್ಯನಾಗಿಯೇ ಉಳಿಯುತ್ತಾರೆ. ಮೂರು ದಿನ ಅವಳು ಕೊಕಿಸ್ ಕರಿಯುತ್ತ ಇದನ್ನೇ ಯೋಚಿಸಿದಳು. ಒಂದು ಒಬ್ಬೆ ಸೀದೂ ಹೋಯಿತು.

ಬುಧವಾರ ಬೆಳಿಗ್ಗೆ ಮಾವ ನೀರು ತುಂಬಿಸಿ ಸ್ನಾನಕ್ಕೆ ಹೋದ ಕೂಡಲೇ ಅವಳು ಚಪ್ಪರಕ್ಕೆ ಹೋದಳು. ಹಳೆ ಬಟ್ಟೆಯೊಂದನ್ನು ರೇಡಿಯೇಟರಿನ ಕುತ್ತಿಗೆಗೆ ಇಳಿಬಿಟ್ಟು, ಅದ್ದಿ ಹಿಂಡಿ, ಅದ್ದಿ ಹಿಂಡಿ, ನೀರನ್ನು ಎರಡು ಬೆರಳು ಕೆಳಕ್ಕೆ ತಂದಳು. ಹಿತ್ತಾಳೆ ಮುಚ್ಚಳ ತಿರುಗಿಸಿ ಕೂರಿಸಿದಳು. ಒಳಗೆ ಬಂದು ಮಗಳಿಗೆ, "ಏಳು, ಮುಖ ತೊಳಿ. ನೀನೂ ಬರ್ತೀಯ. ಲೈಸೆನ್ಸು ತಗೊ" ಎಂದಳು.

"ಯಾಕೆ? ತಾತ ಮತ್ತೆ ಫೋಟೋ ನೋಡ್ತಾರಾ?"

"ತಗೊ ಅಂದ್ರೆ ತಗೊ. ಅರ್ಧ ದಾರೀಲಿ ನಿನ್ನ ಕೈಗೆ ಬಂದ್ರೂ ಬಂತು."

ಮುಂದೆ ಮಾವ ಮತ್ತು ಮಲ್ಲಿಕಾ, ಹಿಂದೆ ಕಾಲು ಚಾಚಿದ ಸೋಮಾವತಿ, ಮೂಲೆಯಲ್ಲಿ ಅಜ್ಜಿಯ ಪಾದ ತೊಡೆಯ ಮೇಲಿಟ್ಟುಕೊಂಡ ಹಂಸಮಾಲಿ. ಮಲ್ಲಿಕಾ ದಾರಿಯುದ್ದಕ್ಕೂ ಕಣ್ಣು ರಸ್ತೆಯಿಂದ ತೆಗೆಯಲಿಲ್ಲ. "ಎಡಕ್ಕೆ ಸೈಕಲ್ ಮಾವ." "ಮುಂದೆ ಹಸು." "ಬಸ್ಸು ಬರ್ತಿದೆ, ನಿಧಾನ." ಸಿರಿಪಾಲ ಒಂದಕ್ಕೂ ಬೈಯಲಿಲ್ಲ. ಬೇರೆ ದಿನವಾಗಿದ್ದರೆ ಅವಳನ್ನು ಇಳಿಸಿ ಬಿಡುತ್ತಿದ್ದರು.

ಮೊದಲ ತಿರುವು ದಾಟಿತು. ಎರಡನೆಯದು ದಾಟಿತು. ಮೂರನೆಯದು ಬಂತು.

"ಹಬೆ?" ಎಂದರು ಸಿರಿಪಾಲ.

"ಇಲ್ಲ."

"ವಾಸನೆ?"

"ಇಲ್ಲ ಮಾವ. ಹೋಗಿ."

ಬಂಡೆ ಕೊರೆದ ದಾರಿಯ ಹತ್ತಿರ ಎತ್ತರ ಮುಗಿಯುವಲ್ಲಿ ಅವರು ನಿಲ್ಲಿಸಿದರು. ಕುದಿದಿರಲಿಲ್ಲ. ಹಂಸಮಾಲಿ ಹಿಂದಿನಿಂದ ಚಪ್ಪಾಳೆ ತಟ್ಟಿದಳು. ಸಿರಿಪಾಲ ಹುಡುಗನ ಹಾಗೆ ಇಳಿದು ಬಾನೆಟ್ ಎತ್ತಿದರು. ಮಲ್ಲಿಕಾ ಹಿಂದೆಯೇ ಹೋದಳು. ಎತ್ತಿದ ಬಾನೆಟ್ಟು ಗೋಡೆಯಂತೆ ನಿಂತು, ಒಳಗಿದ್ದ ಇಬ್ಬರಿಂದ ಅವರನ್ನು ಮರೆಮಾಡಿತ್ತು.

"ಮುಟ್ಟಬೇಡಿ. ತಣೀಲಿ."

ಅವರು ಮಾತು ಕೇಳಿ ಕಾದರು. ಅರ್ಧ ಗಂಟೆಯಾದ ಮೇಲೆ ಅವಳು ಬಟ್ಟೆ ಮಡಚಿ ಕೊಟ್ಟಳು. ಮುಚ್ಚಳದ ಮೇಲೆ ಹೆಬ್ಬೆರಳಿಟ್ಟ ಕೂಡಲೇ ಸಿರಿಪಾಲ ನಿಂತುಬಿಟ್ಟರು. ಸವೆದ ಅಂಚನ್ನು ಸವರಿದರು, ಮತ್ತೆ ಸವರಿದರು.

"ಇದು ನನ್ನದು."

"ಹೌದು."

"ಹಾಗಾದ್ರೆ ನಡುವೆ ಇದ್ದದ್ದು ಬೇರೆ. ಬೆರಳಿಗೆ ಬೇರೆ ಅನ್ನಿಸಿತ್ತು." ಅವರು ಅಂಚಿನಿಂದ ಹೆಬ್ಬೆರಳು ತೆಗೆಯಲಿಲ್ಲ. "ನಾನೇ ಬದಲಾಯಿಸಿ ಮರೆತೆನೇನೋ ಅಂದ್ಕೊಂಡೆ. ಯಾರನ್ನ ಕೇಳೋದು? ತಲೆ ಕೆಟ್ಟಿದೆ ಅಂತಾರೆ. ಒಂದು ತಿಂಗಳಿಂದ ಅದೇ ಹೆದರಿಕೆ ಮಗಳೇ."

ಮಲ್ಲಿಕಾಗೆ ಗಂಡನ ಮೇಲೆ, ಮಾವನ ಮೇಲೆ, ತನ್ನ ಮೇಲೆ ಒಟ್ಟಿಗೇ ಕನಿಕರ ಬಂತು. "ನಿಮ್ಮ ತಲೆಗೆ ಏನೂ ಆಗಿಲ್ಲ. ಬದಲಾಯಿಸಿದ್ದು ನಿಮ್ಮ ಮಗ. ಸೋರೋದು ನಿಲ್ಲುತ್ತೆ ಅಂತ ಹಾಕಿದ್ರು, ಹೇಳೋಕೆ ಧೈರ್ಯ ಬರ್ಲಿಲ್ಲ."

ಸಿರಿಪಾಲ ಉಸಿರು ಬಿಟ್ಟು ನಕ್ಕರು. ಅಳುವಿಗೆ ಹತ್ತಿರದ ನಗು ಅದು. ಮುಚ್ಚಳ ತೆಗೆದು ಕುತ್ತಿಗೆಯ ಅಂಚಿಗೆ ಬೆರಳಿಟ್ಟರು. "ನೀರೇ ಇಲ್ವಲ್ಲ!"

"ಇದೆ. ಎರಡು ಬೆರಳು ಕೆಳಗಿದೆ. ಹೆಚ್ಚಾದ್ದನ್ನ ನಾನು ಬೆಳಿಗ್ಗೆ ತೆಗೆದೆ." ಅವಳು ತಡೆದು ಹೇಳಿದಳು, "ನಿಮಗೆ ಕಾಣಿಸ್ತಿಲ್ಲ ಅಲ್ವಾ ಮಾವ?"

ಪಕ್ಕದಲ್ಲಿ ಲಾರಿಗಳು ಏದುಸಿರು ಬಿಡುತ್ತ ಹತ್ತಿ ಹೋದವು. ಸಿರಿಪಾಲ ಮುಚ್ಚಳವನ್ನು ಒಂದೇ ಸಲಕ್ಕೆ ಸರಿಯಾಗಿ ಕೂರಿಸಿ ತಿರುಗಿಸಿದರು.

"ಹೋದ ವರ್ಷ ಹಾಲು ಎತ್ತ ಉಕ್ಕಿತು?"

"ಪಡುವಣಕ್ಕೆ."

"ನನಗೆ ಬರೀ ಬೆಳ್ಳಗೆ ಕಂಡಿತು. ಮೂಡಣ ಅಂದ್ರೆ ಯಾರೂ ಜಗಳ ಆಡಲ್ಲ ಅಂತ ಹಾಗಂದೆ." ಅವರು ಬಾನೆಟ್ಟಿನ ಅಂಚು ಹಿಡಿದುಕೊಂಡರು. "ಸೋಮಾಗೆ ಹೇಳ್ಬೇಡ. ಹೆದರ್ತಾಳೆ. ನಂದನಿಗೂ."

"ಆಗಲ್ಲ ಮಾವ."

ಅವರು ಅವಳ ಕಡೆ ಮುಖ ತಿರುಗಿಸಿದರು. ಸೊಸೆಯಾಗಿ ಬಂದ ಇಪ್ಪತ್ತೆರಡು ವರ್ಷದಲ್ಲಿ ಈ ಮಾತು ಅವಳ ಬಾಯಿಂದ ಬಂದದ್ದು ಇದೇ ಮೊದಲು.

"ನೀವು ಹೇಳ್ಬೇಡ ಅಂತೀರಿ, ಅವರು ಹೇಳ್ಬೇಡ ಅಂತಾರೆ. ಎಲ್ಲಾ ನನ್ನೊಳಗೇ ತುಂಬ್ತೀರಿ. ಇನ್ನು ನನ್ನಲ್ಲಿ ಜಾಗ ಇಲ್ಲ. ಗಾಡಿ ಉಳೀಲಿ ಅಂತ ನಾನೇ ಸರಿಮಾಡಿದೆ. ಆದ್ರೆ ನೀವು ಓಡಿಸೋ ಹಾಗಿಲ್ಲ. ಹಿಂದೆ ಕೂತಿರೋರು ನಮ್ಮೋರು."

ಸಿರಿಪಾಲ ಬಾನೆಟ್ ಇಳಿಸಿದರು. ಗಾಜಿನ ಆಚೆ ಇದ್ದ ಮೊಮ್ಮಗಳ ಕಡೆ ಕೈ ಚಾಚಿ ಕರೆದರು.

"ಹಂಸಿ, ಇಳಿ. ಎರಡನೇ ಗೇರು ಸ್ವಲ್ಪ ಮೊಂಡು. ಬೈದ್ರೆ ಬರಲ್ಲ, ಸಮಾಧಾನವಾಗಿ ಕೇಳ್ಬೇಕು." ಕೀಲಿಯನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದರು. "ದಿನಾ ನೀರು ನಿಮ್ಮಮ್ಮ ನೋಡ್ಲಿ."

ಹುಡುಗಿಯ ತಮಾಷೆಯೆಲ್ಲ ಎಲ್ಲಿ ಹೋಯಿತೋ. ತಾತನ ಪಾದ ಮುಟ್ಟಿ ನಮಸ್ಕರಿಸಿ, ಚಕ್ರದ ಹಿಂದೆ ಕೂತಳು.

ಸಿರಿಪಾಲ ಹಿಂದಿನ ಬಾಗಿಲು ತೆಗೆದು, ಹೆಂಡತಿಯ ಕಾಲೆತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡು ಕೂತರು. ತಮ್ಮದೇ ಕಾರಿನ ಆ ಸೀಟಿನಲ್ಲಿ ಅವರು ಎಂದೂ ಕೂತವರಲ್ಲ.

"ಸೋಮಾ, ನನಗೊಂದು ಮಾತು ಹೇಳೋದಿದೆ. ನನ್ನ ಕಣ್ಣು..."

"ಒಂದು ವರ್ಷದಿಂದ ನಿಮ್ಮ ಮೀನಿನ ಮುಳ್ಳು ಬಿಡಿಸಿ ತಟ್ಟೆಗೆ ಹಾಕ್ತಿರೋದು ಯಾರು ಅನ್ಕೊಂಡ್ರಿ?" ಎಂದರು ಸೋಮಾವತಿ. "ಮೀನು ತಾನಾಗಿ ಮುಳ್ಳು ಬಿಟ್ಟು ಬಂತಾ?"

ಕಾರು ಒಮ್ಮೆ ಜಗ್ಗಿ, ಒಮ್ಮೆ ಮುಗ್ಗರಿಸಿ, ಆಮೇಲೆ ಹೊರಟಿತು.

ಆ ಬುಧವಾರ ಕಣ್ಣಿನ ವಿಭಾಗದಲ್ಲೂ ಒಂದು ಚೀಟಿಯಾಯಿತು. ಎರಡೂ ಕಣ್ಣಿಗೆ ಪೊರೆ, ಮೇ ತಿಂಗಳಲ್ಲಿ ಒಂದನ್ನು ತೆಗೆಯಬಹುದು, ಎಷ್ಟು ದೃಷ್ಟಿ ಬರುತ್ತದೋ ನೋಡೋಣ ಎಂದರು ಅಲ್ಲಿನವರು. ಸಂಜೆ ಊಟಕ್ಕೆ ಕೂತಾಗ ಸಿರಿಪಾಲ ಹಿತ್ತಾಳೆ ಮುಚ್ಚಳವನ್ನು ಜೇಬಿನಿಂದ ತೆಗೆದು ಮಗನ ತಟ್ಟೆಯ ಪಕ್ಕ ಇಟ್ಟರು. ನಂದಸಿರಿ ಹೆಂಡತಿಯ ಮುಖ ನೋಡಿದ. ಅವಳು ಅನ್ನ ಬಡಿಸುತ್ತಲೇ ಇದ್ದಳು.

"ಗಾಡಿ ಕುದೀಲಿಲ್ಲ" ಎಂದರು ಸಿರಿಪಾಲ. "ಆದ್ರೆ ನೀನು ಹೆದರಿದ್ದೂ ಸುಳ್ಳಲ್ಲ. ಕೀಲಿ ಕೊಟ್ಬಿಟ್ಟೆ, ಹಂಸಿಗೆ. ನಾಳೆ ಮುಚ್ಚಳ ನೀನೇ ಹಾಕು."

"ಅಪ್ಪ, ನಾನು..." ನಂದಸಿರಿ ಮುಚ್ಚಳವನ್ನು ಕೈಗೆತ್ತಿಕೊಂಡ. "ಆ ಬೆರಳು ನೋಡಿದಾಗೆಲ್ಲ ಅನ್ನ ಇಳೀತಿರಲಿಲ್ಲ."

"ಈಗ ಇಳಿಸು. ಪಲ್ಯ ಚೆನ್ನಾಗಿದೆ."

ಏಪ್ರಿಲ್ ಹದಿನಾಲ್ಕರಂದು, ಪಂಚಾಂಗದಲ್ಲಿ ಹೇಳಿದ ಗಳಿಗೆಗೆ, ಅಂಗಳದಲ್ಲಿ ಹೊಸ ಒಲೆ ಹೂಡಿ ಮಲ್ಲಿಕಾ ಬೆಂಕಿ ಹಚ್ಚಿದಳು. ಹೊಸ ಮಡಕೆಗೆ ಹಾಲನ್ನು ಕಂಠಮಟ್ಟ ತುಂಬಿಸಿದ್ದಳು. ಇದಕ್ಕೆ ಜಾಗ ಬಿಡುವ ಹಾಗಿಲ್ಲ, ಇದು ಉಕ್ಕಲೇಬೇಕು. ಊರಿನ ಪಟಾಕಿಗಳೆಲ್ಲ ಒಟ್ಟಿಗೆ ಸಿಡಿದವು. ಸೋಮಾವತಿ ಕುರ್ಚಿಯಲ್ಲಿ, ಹಂಸಮಾಲಿ ಅವರ ಹಿಂದೆ, ನಂದಸಿರಿ ಅಪ್ಪನ ಪಕ್ಕದಲ್ಲಿ. ನೊರೆ ಎದ್ದು, ಮಡಕೆಯ ಬಾಯಿ ತುಂಬಿ, ಅಂಚು ದಾಟಿತು.

ಎಲ್ಲರೂ ಸಿರಿಪಾಲರ ಕಡೆ ನೋಡಿದರು. ಅವರು ಗಂಟಲು ಸರಿಮಾಡಿಕೊಂಡರು. ಬಾಯಿ ತೆರೆದರು. ಮುಚ್ಚಿದರು. ಕೈ ಚಾಚಿ ಮಗನ ಭುಜ ಹುಡುಕಿ ಹಿಡಿದರು.

"ಎತ್ತ ಉಕ್ಕಿತು ಮಗಾ?"

ಮೂಡಣ ಎಂದುಬಿಡುವುದು ನಂದಸಿರಿಗೂ ಸುಲಭವಿತ್ತು. ಅವನು ಬಗ್ಗಿ, ಸರಿಯಾಗಿ ನೋಡಿದ.

"ಪಡುವಣಕ್ಕೆ ಅಪ್ಪ. ಹಲಸಿನ ಮರದ ಕಡೆಗೆ. ಗಾಡಿ ನಿಂತಿರೋ ಕಡೆಗೆ."

"ಹಾಗಾದ್ರೆ ಅದನ್ನ ಮಾರೋ ಹಾಗಿಲ್ಲ" ಎಂದರು ಸಿರಿಪಾಲ.

"ಮಾರ್ತೀನಿ ಅಂದೋರು ಯಾರು?" ಎಂದ ನಂದಸಿರಿ.

ಸೋಮಾವತಿ ಮೊದಲು ನಕ್ಕರು. ಸಿರಿಪಾಲ ಮಗನ ಭುಜ ಬಿಡದೆಯೇ ನೆಟ್ಟಗೆ ನಿಂತು, ಅಕ್ಕಪಕ್ಕದ ಮನೆಗಳಿಗೂ ಕೇಳುವಂತೆ, "ಪಡುವಣಕ್ಕೆ ಉಕ್ಕಿತು!" ಎಂದು ಸಾರಿದರು. ಮಲ್ಲಿಕಾ ಎಲ್ಲರಿಗಿಂತ ಮೊದಲು ಕೈ ಮುಗಿದಳು.